ಸಂಜೆ ಗುಂಪಿನ ಅಕ್ಕೋರು

ಅವರನ್ನು ಮೊದಲ ಸಲ ನೋಡಿದ ದಿನ ಅವರೇ ಡಾಕ್ಟರ್ ಎಂದುಕೊಂಡಿದ್ದೆ. ಪುಣೆಯ ಹಳೆಯ ಪೇಟೆಯೊಂದರ ಕಟ್ಟಡ, ಎರಡನೆಯ ಮಹಡಿ. ಬಾಗಿಲ ಮೇಲೆ ಮರಾಠಿಯಲ್ಲಿ ‘ವ್ಯಸನಮುಕ್ತಿ ಕೇಂದ್ರ’ ಎಂಬ ಫಲಕ. ಕಾಯುವ ಕೋಣೆಯಲ್ಲಿದ್ದ ಗಂಡಸರೆಲ್ಲ ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡಿದ್ದರು. ನಾನಂತೂ ಈ ಊರಿನ ಸ್ಕೂಟರ್ ಹುಡುಗಿಯರು ಕಟ್ಟುವ ಹಾಗೆ ಓಢಣಿಯನ್ನು ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಸುತ್ತಿಕೊಂಡು ಬಂದಿದ್ದೆ. ಒಳಗೆ ಬಂದ ಮೇಲೂ ಅದನ್ನು ಬಿಚ್ಚಿರಲಿಲ್ಲ. ಅವರೊಬ್ಬರೇ ಇಸ್ತ್ರಿ ಮಾಡಿದ ಇಳಕಲ್ ಸೀರೆಯುಟ್ಟು, ಬಿಗಿಯಾಗಿ ತುರುಬು ಕಟ್ಟಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತಂತೆ ನೆಟ್ಟಗೆ ಕೂತಿದ್ದರು.

ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ಫೋನ್ ಬಂತು. “ಥೈರಾಯ್ಡ್ ಡಾಕ್ಟರ್ ಹತ್ರ ಬಂದಿದ್ದೀನಮ್ಮ, ಆಮೇಲೆ ಮಾಡ್ತೀನಿ” ಎಂದು ಪಿಸುಗುಟ್ಟಿ ಇಟ್ಟೆ.

ಪಕ್ಕದಿಂದ ಕನ್ನಡ ಕೇಳಿತು. “ನಂದೂ ಅದ ಥೈರಾಯ್ಡ್ ಅದರಿ.”

ತಿರುಗಿ ನೋಡಿದೆ. ಅವರು ನಗುತ್ತಿರಲಿಲ್ಲ. “ಅಂಜಬ್ಯಾಡ್ರಿ. ಇಲ್ಲಿ ಕೂತವರಿಗೆಲ್ಲಾ ಮನ್ಯಾಗ ಏನರ ಒಂದ ಬ್ಯಾರೆ ರೋಗ ಇರತದ. ಆ ಮೂಲಿಯೊಳಗ ಕೂತಾರಲ್ಲ, ಅವರಿಗೆ ಮಂಡಿ ನೋವು. ಈಚೆ ಕಡೆಯವರಿಗೆ ಇನ್ಕಂ ಟ್ಯಾಕ್ಸ್ ಆಫೀಸು. ಓಢಣಿ ಬಿಚ್ಚರಿ, ಸೆಕಿ ಭಾಳ ಅದ.”

ಅವರು ತೀರಿಕೊಂಡು ಈಗ ಕೆಲವು ತಿಂಗಳಾಗಿದೆ. ಗುಂಪಿನಲ್ಲಿ ಕೇಳಿದ್ದನ್ನು ಹೊರಗೆ ಒಯ್ಯಬಾರದು ಎಂಬುದು ಅಲ್ಲಿಯ ನಿಯಮ. ಆದರೆ ಅವರೇ ಒಮ್ಮೆ ನನಗೆ, “ನನ್ನ ಹೆಸರೊಂದ ಬಿಟ್ಟು ಏನ ಬೇಕಾದ್ದ ಹೇಳು, ಬೇಕಾದವರಿಗೆ ಹೇಳು” ಎಂದಿದ್ದರು. ಹಾಗಾಗಿ ಹೆಸರು ಬಿಟ್ಟಿದ್ದೇನೆ. ವಿಜಯಪುರದ ಕಡೆ ಶಾಲೆಯ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಅವರು ನಿವೃತ್ತಿಯವರೆಗೂ ಅಕ್ಕೋರಾಗಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಾನು ಅಲ್ಲೇಕೆ ಇದ್ದೆ ಎಂಬುದು ತಿಳಿಯುವುದಿಲ್ಲ. ಪುಣೆಯ ಅಂಚಿನ ಖರಾಡಿಯ ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಕೆಲಸ. ಅಲ್ಲೇ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದೇನೆ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಆ ಕಾಲದಲ್ಲಿ ಸಂಜೆಗೊಂದು ಗ್ಲಾಸ್ ಎಂದು ಶುರುವಾದದ್ದು, ಆಫೀಸು ಮತ್ತೆ ತೆರೆಯುವ ಹೊತ್ತಿಗೆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಬೇಕು ಎನ್ನುವಲ್ಲಿಗೆ ಬಂದಿತ್ತು. ಕುಡಿತದ ಅಪಾಯದ ಬಗ್ಗೆ ಕಂಪನಿಯ ಗೋಡೆಗಳಿಗೆ ಪೋಸ್ಟರ್ ಅಂಟಿಸುವ ಕೆಲಸ ನಮ್ಮ ವಿಭಾಗದ್ದೇ. ಅದನ್ನು ಅಂಟಿಸುವಾಗ ನನ್ನ ಕೈ ನಡುಗುತ್ತಿತ್ತು.

ಆಸ್ಪತ್ರೆಗೆ ಸೇರುವುದೆಂದರೆ ರಜೆ, ರಜೆಯೆಂದರೆ ಕಾರಣ. ಹಾಗಾಗಿ ಸೇರದೆಯೇ ಚಿಕಿತ್ಸೆ ಕೊಡುತ್ತಾರೆ ಎಂದು ಗೊತ್ತಾದಾಗ ಇಲ್ಲಿಗೆ ಬಂದೆ. ಡಾಕ್ಟರು ಎಲ್ಲ ಪರೀಕ್ಷಿಸಿ, “ನಿಮಗೆ ಅಡ್ಮಿಟ್ ಬೇಡ, ಆದರೆ ಮೊದಲ ವಾರ ದಿನವೂ ಬರಬೇಕು” ಎಂದರು. ಆ ವಾರ ದಿನವೂ ನನ್ನ ಕೈ ಮುಂದೆ ಚಾಚಿಸಿ ನಡುಕ ನೋಡಿದರು, ರಕ್ತದೊತ್ತಡ ನೋಡಿದರು, ನಡುಕಕ್ಕೆ ಕೊಟ್ಟ ಗುಳಿಗೆಯನ್ನು ಸ್ವಲ್ಪಸ್ವಲ್ಪವೇ ಇಳಿಸಿದರು. ಫಿಟ್ಸ್ ಬಂದರೆ, ಇಲ್ಲದ್ದು ಕಂಡಂತಾದರೆ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದು ಎರಡೆರಡು ಸಲ ಎಚ್ಚರಿಸಿದರು. ಅದು ಮುಗಿದ ಮೇಲೆ ವಾರಕ್ಕೆ ಮೂರು ಸಂಜೆ ಗುಂಪಿನಲ್ಲಿ ಕೂರುವುದು, ಒಂದು ದಿನ ಸಮಾಲೋಚಕಿಯ ಜೊತೆ ಒಬ್ಬಳೇ ಮಾತಾಡುವುದು. ತಿಂಗಳಿಗೊಮ್ಮೆ ಮನೆಯವರ ಸಭೆ. ಸಮಾಲೋಚಕಿ ಮರಾಠಿಯವರು, ಎಲ್ಲರೂ ಅವರನ್ನು ತಾಈ, ಅಂದರೆ ಅಕ್ಕ, ಎನ್ನುತ್ತಿದ್ದರು. ಗುಂಪು ಮುಗಿದರೆ ಮನೆಗೆ ಹೋಗಬಹುದು. ಯಾರೂ ಬೀಗ ಹಾಕುವುದಿಲ್ಲ. ಅದೇ ಅದರ ಕಷ್ಟ. ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲೇ ವೈನ್ ಶಾಪ್ ಇತ್ತು. ಗುಂಪಿನಲ್ಲಿ ಆಡಿದ ಮಾತೆಲ್ಲ ಅದರ ದೀಪದ ಕೆಳಗೆ ನಡೆದು ಹೋಗುವಷ್ಟರಲ್ಲಿ ಉಳಿದಿರಬೇಕಿತ್ತು.

ನನ್ನ ಮರಾಠಿ ತರಕಾರಿ ಕೊಳ್ಳುವಷ್ಟು ಮಾತ್ರ. ಆದ್ದರಿಂದ ಗುಂಪಿನಲ್ಲಿ ಅಕ್ಕೋರು ನನ್ನ ಪಕ್ಕ ಕೂತು ಕನ್ನಡದಲ್ಲಿ ಹೇಳುತ್ತಿದ್ದರು. ಹೇಳುವಾಗ ಬಲಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು, ಸೀಮೆಸುಣ್ಣದ ಪುಡಿ ಇನ್ನೂ ಇದೆಯೇನೋ ಎಂಬಂತೆ. ನನ್ನ ಮೈಸೂರು ಮಾತನ್ನು ಅವರು ಪೂರ್ತಿ ನಂಬುತ್ತಿರಲಿಲ್ಲ. “ನಿಮ್ಮ ಕನ್ನಡ ಭಾಳ ಮೆತ್ತಗ ಅದವಾ. ಸುಳ್ಳು ಹೇಳಲಿಕ್ಕೆ ಛಲೋ” ಎನ್ನುತ್ತಿದ್ದರು. ಮೂರನೆಯ ಭೇಟಿಗೇ ‘ರೀ’ ಬಿಟ್ಟು ನೀನು, ತಂಗಿ ಎಂದು ಶುರು ಮಾಡಿದ್ದರು.

ಗುಂಪಿನಲ್ಲಿ ನಾನು ಮೊದಲ ಸಲ ಬಾಯಿ ಬಿಟ್ಟ ದಿನ, “ನಾನು ದಿನಾ ಕುಡೀತಿದ್ದೆ” ಎಂದು ಹಿಂದಿಯಲ್ಲಿ ಹೇಳಿದೆ. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಅಕ್ಕೋರು ನಿಲ್ಲಿಸಿದರು.

“ಕಡೀಕ ಯಾವಾಗ ಕುಡದಿ?”

“ಹೋದ ವಾರ.”

“ಹಂಗಾರ ‘ಕುಡಿಯುತ್ತಿದ್ದೆ’ ಹೆಂಗ ಆತು? ಅದು ಭೂತಕಾಲ. ಮುಗದ ಹೋದದ್ದಕ್ಕ ಹೇಳತಾರ. ನಿಂದಾಗಲಿ ನಂದಾಗಲಿ ಇನ್ನಾ ಮುಗದಿಲ್ಲ. ‘ಕುಡಿಯುತ್ತೇನೆ, ಇವತ್ತು ಕುಡಿದಿಲ್ಲ.’ ಇಷ್ಟ ಹೇಳು. ವ್ಯಾಕರಣ ಸುಳ್ಳ ಹೇಳಬಾರದು.”

ನನಗೆ ಅವಮಾನವಾಯಿತು. ಎರಡು ವಾರ ಅವರ ಪಕ್ಕ ಕೂರಲಿಲ್ಲ. ಆಮೇಲೆ ಮರಾಠಿ ಅರ್ಥವಾಗದೆ ಮತ್ತೆ ಹೋಗಿ ಕೂತೆ. ಅವರು ಏನೂ ಆಗದವರಂತೆ ಸೆರಗಿಗೆ ಕೈ ಒರೆಸಿಕೊಂಡು ಹೇಳತೊಡಗಿದರು.

ಅವರಿಗೆ ಕಷ್ಟದ ಹೊತ್ತು ಮಧ್ಯಾಹ್ನ. ಶಾಲೆ ಬಿಡುವ ಸಮಯ. ನಿವೃತ್ತಿಯಾದ ಮೇಲೂ “ಹೊಟ್ಟ್ಯಾಗ ಗಂಟಿ ಹೊಡೀತದ” ಎನ್ನುತ್ತಿದ್ದರು. ಕುಡಿಯಬೇಕೆನ್ನುವ ಆಸೆ ಅಲೆಯಂತೆ ಏರಿ ತಾನಾಗಿ ಇಳಿಯುತ್ತದೆ, ಇಳಿಯುವವರೆಗೆ ಯಾರ ಜೊತೆಗಾದರೂ ಮಾತಾಡುತ್ತಿರಿ ಎಂದು ತಾಈ ಕಲಿಸಿದ್ದರು. ನಾನು ಮೀಟಿಂಗಿನಲ್ಲಿದ್ದರೂ ಅವರ ಫೋನ್ ಬರುತ್ತಿತ್ತು. ಹೊರಗೆ ಎದ್ದು ಬಂದು ಕೇಳಿದರೆ ಮೆಂತ್ಯ ಸೊಪ್ಪು ಬಿಡಿಸುವುದು, ಮಹಡಿಯ ನೀರಿನ ಟ್ಯಾಂಕು, ಎದುರುಮನೆಯ ನಾಯಿ, ಇಂಥದೇ ಏನೋ. ಕೊನೆಗೆ ಒಂದು ಉಸಿರು ಬಿಟ್ಟು, “ಹೋತು. ಇಡತೀನಿ” ಎಂದು ಇಟ್ಟುಬಿಡುತ್ತಿದ್ದರು. ನನಗೆ ಕಷ್ಟದ ಹೊತ್ತು ಆಫೀಸಿನಿಂದ ಬಂದು ಲಿಫ್ಟ್ ಹತ್ತುವಾಗ. ಆಗ ನಾನು ಫೋನ್ ಮಾಡುತ್ತಿದ್ದೆ.

ಕುಡಿದರೆ ಮೈಯೆಲ್ಲ ಕೆಂಪೇರಿ, ವಾಂತಿಯಾಗಿ, ಜೀವಕ್ಕೇ ಕುತ್ತು ತರುವಂಥ ಒಂದು ಗುಳಿಗೆ ಉಂಟು. ಎಲ್ಲ ಅಪಾಯವನ್ನೂ ತಿಳಿಸಿ, ಒಪ್ಪಿದವರಿಗೆ ಮಾತ್ರ ಡಾಕ್ಟರು ಅದನ್ನು ಕೊಡುತ್ತಿದ್ದರು. ಮನೆಯವರು ಒಬ್ಬರು ದಿನವೂ ಎದುರಿಗೆ ನಿಂತು ನುಂಗಿಸಬೇಕು ಎಂಬ ಷರತ್ತು ಬೇರೆ. ನನ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅಕ್ಕೋರ ಮನೆಯಲ್ಲಿ ಗಂಡ ಇದ್ದರು, ಆದರೆ ಅವರು ಕೇಂದ್ರಕ್ಕೆ ಕಾಲಿಡುವುದಿಲ್ಲ ಎಂದು ಅಕ್ಕೋರು ಹೇಳಿದರು. ತಾಈ ಡಾಕ್ಟರ ಜೊತೆ ಮಾತಾಡಿ, ನೀವಿಬ್ಬರೂ ಒಬ್ಬರಿಗೊಬ್ಬರು ನೋಡಿಕೊಳ್ಳಿ ಎಂದರು. ಅಂದಿನಿಂದ ಬೆಳಿಗ್ಗೆ ವಿಡಿಯೊ ಕರೆ. ಅಕ್ಕೋರು ಸ್ವಾರಗೇಟ್ ಹತ್ತಿರದ ಮನೆಯ ಸ್ನಾನದ ಕೋಣೆಯಲ್ಲಿ, ನಲ್ಲಿ ಬಿಟ್ಟುಕೊಂಡು. ನಾನು ಖರಾಡಿಯ ಅಡುಗೆಮನೆಯಲ್ಲಿ. ಗುಳಿಗೆ ನಾಲಿಗೆಯ ಮೇಲಿಟ್ಟು ತೋರಿಸಿ, ನೀರು ಕುಡಿದು, ಬಾಯಿ ತೆರೆದು ತೋರಿಸಬೇಕು. “ನಾಲಿಗಿ ಎತ್ತು” ಎನ್ನುತ್ತಿದ್ದರು, ಹೋಮ್‌ವರ್ಕ್ ಪರೀಕ್ಷಿಸುವ ದನಿಯಲ್ಲಿ.

ಸ್ನಾನದ ಕೋಣೆ ಯಾಕೆಂದು ನಾನು ಕೇಳಿರಲಿಲ್ಲ. ಅವರೇ ಒಂದು ದಿನ ಹೇಳಿದರು. ಗಂಡನಿಗೆ ಗುಳಿಗೆಯ ವಿಷಯ ಗೊತ್ತಿರಲಿಲ್ಲ.

ಅವರ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಎತ್ತರದ ಆಳು, ಮಾತು ಕಡಿಮೆ. ಬಹಳ ವರ್ಷದ ಹಿಂದೆ ಗರ್ಭಕೋಶದ ಆಪರೇಷನ್ ಆಗಿ ಅಕ್ಕೋರಿಗೆ ನಿದ್ದೆ ಹಾರಿಹೋದಾಗ, ಬಿಸಿನೀರಿಗೆ ಒಂದು ಚಮಚ ಬ್ರಾಂಡಿ ಹಾಕಿ ಮೊದಲು ಕೊಟ್ಟವರು ಅವರೇ. ಪ್ರೀತಿಯಿಂದಲೇ ಕೊಟ್ಟದ್ದು. ಚಮಚ ಲೋಟವಾಯಿತು. ಅಕ್ಕೋರು ತಾವೇ ಅಂಗಡಿಗೆ ಹೊರಟ ದಿನ ಅವರು ಬಾಗಿಲಲ್ಲಿ ಅಡ್ಡ ನಿಂತು, “ನೀ ಹೋಗಬ್ಯಾಡ. ಯಾರರ ನೋಡ್ಯಾರು. ನಾ ತರತೀನಿ” ಎಂದರಂತೆ. ಅಂದಿನಿಂದ ತಂದರು. ಒಂದೇ ಅಂಗಡಿಗೆ ಹೋದರೆ ಗುರುತು ಹಿಡಿಯುತ್ತಾರೆಂದು ಬೇರೆಬೇರೆ ಪೇಟೆಯಿಂದ ತಂದರು. ತಾವು ಒಂದು ಹನಿ ಮುಟ್ಟಿದವರಲ್ಲ.

“ಹೊಡದಿದ್ದರ, ಬೈದಿದ್ದರ ಬಿಡತಿದ್ನೋ ಏನೋ” ಎಂದು ಅಕ್ಕೋರು ಒಮ್ಮೆ ಹೇಳಿ, ಕೂಡಲೇ ತಲೆ ಅಲ್ಲಾಡಿಸಿದರು. “ಅದೂ ಸುಳ್ಳ. ಬಿಡತಿದ್ದಿಲ್ಲ. ಅವರ ಮ್ಯಾಲೆ ಹಾಕಬಾರದು.”

ಮನೆಯವರ ಸಭೆಗೆ ಬನ್ನಿ ಎಂದು ತಾಈ ಯಜಮಾನರಿಗೆ ಎರಡು ಸಲ ಫೋನ್ ಮಾಡಿದರು. ಅಕ್ಕೋರೂ ಕೇಳಿದರು. “ನಿನ್ನ ಹಣೇಬರಹ, ನೀ ಹೋಗು. ನನ್ನ ಆ ಬೋರ್ಡಿನ ಕೆಳಗ ನಿಲ್ಲಸಬ್ಯಾಡ” ಎಂದರಂತೆ.

ಆ ವರ್ಷ ಅಕ್ಕೋರ ಮಗಳ ನಿಶ್ಚಿತಾರ್ಥ ಮನೆಯಲ್ಲೇ ಇತ್ತು. ಬೀಗರು ಸೊಲ್ಲಾಪುರದಿಂದ ಬಂದಿದ್ದರು. ಜನ ತುಂಬಿದ ಮನೆಯಲ್ಲಿ ಅಕ್ಕೋರು ಬೆವರಿ ಅಡುಗೆಮನೆಯಲ್ಲಿ ಕೂತದ್ದನ್ನು ಯಜಮಾನರು ನೋಡಿದರು. ಕುಡಿಯದೆ ಹೀಗಾಗಿದೆ, ನಾಲ್ಕು ಜನರ ಮುಂದೆ ಏನಾದರೂ ಆದರೆ ಗತಿಯೇನು ಎಂದು ಹಳೆಯ ಅಭ್ಯಾಸದಂತೆ ಸ್ಟೀಲಿನ ಲೋಟದಲ್ಲಿ ಸ್ವಲ್ಪ ತಂದು ಕೈಗಿತ್ತರು. ಅಕ್ಕೋರು ಕುಡಿದರು. ಬೆಳಿಗ್ಗೆ ನನ್ನ ಎದುರಿಗೇ ಆ ಗುಳಿಗೆ ನುಂಗಿದ್ದರು.

ಆಸ್ಪತ್ರೆಯಿಂದ ಫೋನ್ ಮಾಡಿಸಿದ್ದು ಅಕ್ಕೋರೇ. ನಾನು ಹೋಗುವಷ್ಟರಲ್ಲಿ ಅಪಾಯ ಕಳೆದಿತ್ತು. ಅಕ್ಕೋರಿಗೆ ಊಟ ಸೇರಲಿಲ್ಲ ಎಂದು ಬೀಗರಿಗೆ ಹೇಳಿದ್ದರು. ವರಾಂಡದಲ್ಲಿ ಯಜಮಾನರು ಹೊಸ ಧೋತರದಲ್ಲೇ ನಿಂತಿದ್ದರು. ಕೈಯಲ್ಲಿ ಯಾರದೋ ಹಾರ ಇನ್ನೂ ಇತ್ತು.

“ಯಾವ ಗುಳಿಗಿ ಅದು?” ಎಂದು ನನ್ನನ್ನು ಕೇಳಿದರು. “ಡಾಕ್ಟರ ನನ್ನ ಕೇಳತಾರ, ಯಾವ ಗುಳಿಗಿ ತಗೋತಿದ್ರು ಅಂತ. ನನಗ ಗೊತ್ತಿಲ್ಲ ಅಂದೆ. ಗಂಡ ಆಗಿ ಗೊತ್ತಿಲ್ಲೇನು ಅಂದ್ರು.”

ಹೇಳಿದೆ. ಅವರು ಗೋಡೆಗೆ ಕೈಯೂರಿದರು. “ನಾನ ಕೊಟ್ಟೆ” ಎಂದರು. ಮತ್ತೆ ಅದೇ ದನಿಯಲ್ಲಿ, “ಯಾರಿಗೂ ಹೇಳಬ್ಯಾಡ್ರಿ” ಎಂದರು.

ಅಕ್ಕೋರು ಮುಂದಿನ ವಾರ ಗುಂಪಿಗೆ ಬಂದರು. ಎಲ್ಲರೂ ಗಂಡನನ್ನು ಬೈಯುತ್ತಾರೆಂದು ಅವರಿಗೆ ಗೊತ್ತಿತ್ತು. ಅದಕ್ಕೆ ಮೊದಲೇ ಹೇಳಿಬಿಟ್ಟರು. ಲೋಟ ಕೈಗೆ ಬಂದಾಗ ಗುಳಿಗೆ ನುಂಗಿದ್ದು ನೆನಪಿತ್ತು. ಏನಾಗುತ್ತದೆಂದೂ ಗೊತ್ತಿತ್ತು. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. “ಇಷ್ಟೆಲ್ಲಾ ಕಲ್ತೂ ಬ್ಯಾಡ ಅನಲಿಲ್ಲ” ಎಂದು ನನಗೆ ಕನ್ನಡದಲ್ಲಿ ಹೇಳಿ ತಲೆ ತಗ್ಗಿಸಿದರು. ಆಸ್ಪತ್ರೆಯಲ್ಲಿ ಮಾಡಿದ ರಕ್ತಪರೀಕ್ಷೆಯಲ್ಲಿ ಲಿವರ್ ಕೆಟ್ಟಿರುವುದು ಗೊತ್ತಾಗಿತ್ತು. ಡಾಕ್ಟರು ಆ ಗುಳಿಗೆ ನಿಲ್ಲಿಸಿ ಬೇರೆ ಕೊಟ್ಟರು. ಬೆಳಗಿನ ಕರೆ ಮಾತ್ರ ನಿಲ್ಲಲಿಲ್ಲ. ಆದರೆ ಈಗ ಅವರು ಸ್ನಾನದ ಕೋಣೆಯಲ್ಲಿರಲಿಲ್ಲ. ಅಡುಗೆಮನೆಯಲ್ಲಿ ನಿಂತಿರುತ್ತಿದ್ದರು, ನೀರಿನ ಲೋಟ ಹಿಡಿದ ಒಂದು ಉದ್ದ ಕೈ ಪರದೆಯ ಅಂಚಿನಲ್ಲಿ ಕಾಣುತ್ತಿತ್ತು. ಯಜಮಾನರ ಮುಖ ಎಂದೂ ಕಾಣಲಿಲ್ಲ.

ಶರಣಮ್ಮ ಎಂಬ ಶಾಲೆಯ ಹುಡುಗಿಯ ವಿಷಯ ಅಕ್ಕೋರು ಹೇಳಿದ್ದು ಆಸ್ಪತ್ರೆಯಿಂದ ಬಂದ ಮೇಲೆ. ಆ ಸಂಜೆ ತಾಈ ಗುಂಪಿನಲ್ಲಿ ಒಂದು ಪ್ರಶ್ನೆ ಕೇಳಿದ್ದರು. ನಿಮ್ಮ ಕುಡಿತದಿಂದ ಪೆಟ್ಟು ತಿಂದವರಲ್ಲಿ, ಯಾರ ಮುಖ ನಿಮಗೆ ನೋಡಲಿಕ್ಕೇ ಆಗುವುದಿಲ್ಲ? ಅಕ್ಕೋರು ಮರಾಠಿಯಲ್ಲಿ ಶುರು ಮಾಡಿದರು. ಎರಡು ವಾಕ್ಯಕ್ಕೆ ಮರಾಠಿ ನಿಂತುಹೋಯಿತು. ಕನ್ನಡದಲ್ಲಿ ಹೇಳತೊಡಗಿದರು. ತಾಈ ನನ್ನ ಕಡೆ ನೋಡಿದರು. ಅಂದು ಹೇಳುವ ಕೆಲಸ ನನ್ನದಾಯಿತು. ಅವರು ಒಂದೊಂದೇ ಮಾತು ಕನ್ನಡದಲ್ಲಿ ಆಡಿದರು, ನಾನು ಹಿಂದಿಯಲ್ಲಿ ‘ನಾನು, ನಾನು’ ಎಂದೇ ಹೇಳುತ್ತಾ ಹೋದೆ.

ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಅವರ ಶಾಲೆಗೆ ಬರುತ್ತಿದ್ದರು. ಶರಣಮ್ಮ ನಾಲ್ಕನೆಯ ತರಗತಿ. ಪಾಟಿ ತೋರಿಸಲು ಮೇಜಿನ ಹತ್ತಿರ ಬಂದವಳು ತಡೆದು ನಿಂತು, ಮೂಗು ಅರಳಿಸಿ, ಬಹಳ ಸಂತೋಷದಿಂದ ಹೇಳಿದಳು. “ಅಕ್ಕೋರ, ನಿಮ್ಮ ಹತ್ರ ನಮ್ಮಪ್ಪನ ವಾಸನಿ ಬರತದ್ರಿ.”

ಊರು ಬಿಟ್ಟು ಬಂದ ಮಗು. ಅಪ್ಪನ ವಾಸನೆ ಅದಕ್ಕೆ ಮನೆಯ ವಾಸನೆ. ಅಷ್ಟೇ ಹೇಳಿದ್ದು. ಪಕ್ಕದ ತರಗತಿಯ ಶಿಕ್ಷಕಿ ಬಾಗಿಲಲ್ಲಿ ನಿಂತಿದ್ದರು. ಅಕ್ಕೋರು, ಈ ಹುಡುಗಿ ಹೊಲಸು ಮಾತಾಡುತ್ತಾಳೆ ಎಂದರು. ಅದಕ್ಕೇ ನಿಲ್ಲಲಿಲ್ಲ. ಮರುದಿನ ಅಪ್ಪನನ್ನು ಕರೆಸಿದರು. ಅವನು ಕೂಲಿ ಬಿಟ್ಟು ಬಂದು, ಶಾಲೆಯ ಅಂಗಳದಲ್ಲಿ ಎಲ್ಲ ಮಕ್ಕಳ ಎದುರಿಗೆ ಮಗಳನ್ನು ಹೊಡೆದ. “ಅಕ್ಕೋರಿಗೆ ಹಿಂಗ ಅಂತೀಯಾ” ಎಂದು ಹೊಡೆದ. ಅಕ್ಕೋರು ವರಾಂಡದಲ್ಲಿ ನಿಂತು ನೋಡಿದರು. ಸಾಕು ಎನ್ನಲಿಲ್ಲ. ಆ ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ.

‘ನಾನು ವರಾಂಡದಲ್ಲಿ ನಿಂತು ನೋಡಿದೆ’ ಎಂದು ಹಿಂದಿಯಲ್ಲಿ ಹೇಳುವಾಗ ನನ್ನ ಮುಖ ಸುಟ್ಟಂತಾಯಿತು. ಗುಂಪು ನನ್ನನ್ನೇ ನೋಡುತ್ತಿತ್ತು, ನಾನೇ ಅದನ್ನು ಮಾಡಿದವಳಂತೆ. ಅಕ್ಕೋರು ನೆಲ ನೋಡುತ್ತಿದ್ದರು. ಅವರ ನೆಟ್ಟಗಿನ ಬೆನ್ನು ಬಾಗಿದ್ದನ್ನು ನಾನು ಕಂಡದ್ದು ಆ ದಿನವೇ.

ಅಂದಿನಿಂದ ಶರಣಮ್ಮನನ್ನು ಹುಡುಕತೊಡಗಿದರು. ಕ್ಷಮೆ ಕೇಳುವ ಆತುರ ಬೇಡ, ಎದುರಿನವರಿಗೆ ಅದರಿಂದ ಮತ್ತೆ ನೋವಾಗಬಾರದು ಎಂದು ತಾಈ ಎಚ್ಚರಿಸಿದ್ದರು. “ನೋವಾಗತದಂದ್ರ ಬಾಗಿಲದಿಂದನ ತಿರುಗಿ ಬರತೀನಿ” ಎಂದರು ಅಕ್ಕೋರು. ಖರಾಡಿಯ ಹೊಸ ಕಟ್ಟಡಗಳ ಹಿಂದೆ ಕೂಲಿಯವರ ತಗಡಿನ ಮನೆಗಳಿವೆ. ನನ್ನ ಕಿಟಕಿಯಿಂದ ದಿನವೂ ಕಾಣುತ್ತಿದ್ದರೂ ನಾನು ಒಮ್ಮೆಯೂ ಹೋಗಿರಲಿಲ್ಲ. ಅಕ್ಕೋರು ಅಲ್ಲಿ ಹೋಗಿ ಒಲೆಯ ಮುಂದೆ ಕೂತು ಹೆಂಗಸರ ಜೊತೆ ಮಾತಾಡಿ ಬಂದರು. ಕೊನೆಗೊಂದು ದಿನ ನನಗೆ ಫೋನ್. “ಸಿಕ್ಕಳು. ಇಲ್ಲೇ ಪುಣೆ ಹತ್ರದ ಶಿರೂರಾಗ ಕೊಟ್ಟಾರಂತ. ಗಂಡ ಉಳ್ಳಾಗಡ್ಡಿ ಗೋದಾಮಿನ್ಯಾಗ ಹಮಾಲಿ. ಒಂದ ಮಗಳದ. ಐತವಾರ ನೀ ಬರತಿಯೇನ? ಒಬ್ಬಾಕಿಗೇ ಕಾಲ ಬರವಲ್ವು.”

ಅವರಿಗೆ ಆಗಲೇ ಕಾಲಿಗೆ ನೀರು ತುಂಬಲು ಶುರುವಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ದಾರಿಯಲ್ಲಿ ಒಮ್ಮೆ, “ಆಕಿ ಹೋಗು ಅಂದ್ರ ನೀ ನನ್ನ ಕೈ ಹಿಡದು ಕರಕೊಂಡ ಬಂದಬಿಡು. ಅಲ್ಲೇ ನಿಂತು ಅಳಬಾರದು ನಾ” ಎಂದರು.

ಶಿರೂರಿನ ಮಾರುಕಟ್ಟೆಯ ಹಿಂದೆ ಒಂದೇ ಕೋಣೆಯ ಮನೆ. ಶರಣಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ತಲೆಯೆತ್ತಿ ನೋಡಿ, ಸೆರಗು ಹೊದ್ದುಕೊಂಡು ಎದ್ದಳು. “ಅಕ್ಕೋರ” ಎಂದು ಬಗ್ಗಿ ಕಾಲು ಮುಟ್ಟಲು ಬಂದಳು. ಅಕ್ಕೋರು ಕಾಲು ಹಿಂದಕ್ಕೆ ಎಳೆದುಕೊಂಡರು.

ಚಾಪೆ ಹಾಸಿದಳು, ಚಹಾ ಇಟ್ಟಳು. ಒಳಗೆ ಗೋಡೆಯ ಕಡೆ ಮುಖ ಮಾಡಿ ಗಂಡ ಮಲಗಿದ್ದ. ಜ್ವರ ಎಂದಳು. ಮಗಳು ಬಾಗಿಲ ಬಳಿ ಬಳಪದಿಂದ ನೆಲದ ಮೇಲೆ ಗೀಚುತ್ತಿತ್ತು. ಅಕ್ಕೋರು ಏನೇನೋ ಕೇಳಿದರು. ಹೊಲಿಗೆ ಎಲ್ಲಿ ಕಲಿತಿ, ಅವ್ವ ಹೆಂಗದಾಳ, ನೀರು ದಿನಾ ಬರತದೇನು. ಹೇಳಲು ಬಂದ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದರು. ಇನ್ನು ಚಹಾ ಕುಡಿದು ಹಾಗೇ ಎದ್ದುಬರುತ್ತೇವೆ ಎಂದು ನನಗನ್ನಿಸಿತು.

ಆಗ ಮಗು ಬಳಪ ಹಿಡಿದುಕೊಂಡೇ ಅಕ್ಕೋರ ಹತ್ತಿರ ಬಂದು ನಿಂತಿತು. “ಅಪ್ಪಗ ಜ್ವರ ಇಲ್ಲ. ಕುಡದ ಮಲಗ್ಯಾನ” ಎಂದಿತು.

ಶರಣಮ್ಮ ತಿರುಗಿದವಳೇ ಕೈಯೆತ್ತಿದಳು. “ಹಂಗ ಅನಬಾರದು ಅಂತ ಎಷ್ಟ ಸಲ ಹೇಳೀನಿ.”

ಅಕ್ಕೋರು ಆ ಕಾಲಿನಲ್ಲಿ ಅಷ್ಟು ಬೇಗ ಎದ್ದದ್ದು ಹೇಗೋ ತಿಳಿಯದು. ಅವಳ ಕೈ ಹಿಡಿದರು. “ಹೊಡೀಬ್ಯಾಡ. ಅದು ಖರೇ ಹೇಳಿತು. ಖರೇ ಹೇಳಿದ್ದಕ್ಕ ಹೊಡೀಬಾರದು.”

ಶರಣಮ್ಮ ಅವರ ಮುಖವನ್ನೇ ನೋಡಿದಳು. ಕೈ ಬಿಡಿಸಿಕೊಳ್ಳಲಿಲ್ಲ. “ಆವತ್ತ ಯಾರೂ ಹಿಂಗ ಅನಲಿಲ್ರಿ ಅಕ್ಕೋರ” ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ಅನಲಿಲ್ಲ. ನಾ ಅನಬೇಕಾಗಿತ್ತು. ನೀ ಅಂದದ್ದು ಖರೇನ ಇತ್ತು. ಕುಡದ ಬಂದಿದ್ದೆ ನಾ. ಸುಳ್ಳ ಹೇಳಿ ನಿನ್ನ ಹೊಡಿಸಿದೆ.”

“ನನಗ ಗೊತ್ತಿತ್ರಿ. ದಿನಾ ಬರತಿತ್ತು. ಆವತ್ತ ಮಾತ್ರ ಅಂದೆ.”

ಇಷ್ಟೇ. ಮಾಫಿ ಮಾಡಿದೆ ಎಂದು ಅವಳು ಹೇಳಲಿಲ್ಲ, ಅಕ್ಕೋರೂ ಕೇಳಲಿಲ್ಲ. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಹೊರಡುವಾಗ ಅಕ್ಕೋರು, ಆಸ್ಪತ್ರೆಗೆ ಸೇರದೆ, ಕೂಲಿ ಬಿಡದೆ ಗುಳಿಗೆ ತೆಗೆದುಕೊಳ್ಳಬಹುದು, ಕೇಂದ್ರಕ್ಕೆ ಕರೆದುಕೊಂಡು ಬಾ ಎಂದು ಹೇಳಿದರು. ಅವಳು ಹೂಂ ಎಂದಳು. ಒಂದು ಸಲ ಕರೆತಂದಳು ಕೂಡ. ಅವನು ಡಾಕ್ಟರ ಮುಂದೆ ಒಳ್ಳೆಯ ಹುಡುಗನಂತೆ ಕೂತು ಎಲ್ಲಕ್ಕೂ ಒಪ್ಪಿ, ಮುಂದಿನ ವಾರದಿಂದ ಬರಲಿಲ್ಲ. ಶರಣಮ್ಮ ಮಾತ್ರ ಈಗಲೂ ಆಗಾಗ ನನಗೆ ಫೋನ್ ಮಾಡುತ್ತಾಳೆ. ಹೆಚ್ಚಾಗಿ ಮಗಳ ಶಾಲೆಯ ವಿಷಯಕ್ಕೆ.

ಶಿರೂರಿನಿಂದ ಬಂದ ಮೇಲೆ ಅಕ್ಕೋರು ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಇದ್ದರು. ಕುಡಿಯಲಿಲ್ಲ. ಬಿಟ್ಟದ್ದು ತಡವಾಗಿತ್ತು. ಹೊಟ್ಟೆಯಿಂದ ನೀರು ತೆಗೆಸಿ ಬಂದ ದಿನವೂ ಗುಂಪಿಗೆ ಆಟೋದಲ್ಲಿ ಬಂದು, ಮೆಟ್ಟಿಲಲ್ಲಿ ನಾಲ್ಕು ಕಡೆ ಕೂತು ಮೇಲೆ ಹತ್ತಿದರು. ಆಟೋದ ಹಿಂದೆ ಸ್ಕೂಟರಿನಲ್ಲಿ ಯಜಮಾನರು ಬರುತ್ತಿದ್ದರು. ರಸ್ತೆಯ ಆಚೆ ಬದಿಯಲ್ಲಿ, ಹೆಲ್ಮೆಟ್ ತೆಗೆಯದೆ, ಗುಂಪು ಮುಗಿಯುವವರೆಗೂ ನಿಂತಿರುತ್ತಿದ್ದರು. ಮೇಲಿನ ಕಿಟಕಿಯಿಂದ ಅಕ್ಕೋರು ಅದನ್ನು ನೋಡಿ, “ಪಾಪ, ಥಂಡ್ಯಾಗ ನಿಂತಾರ” ಎಂದಷ್ಟೇ ಹೇಳುತ್ತಿದ್ದರು.

ಅಕ್ಕೋರು ತೀರಿಕೊಂಡಾಗ ಯಜಮಾನರು ಕಾಮಾಲೆ ಎಂದು ಎಲ್ಲರಿಗೂ ಹೇಳಿದರು. ಅಂತ್ಯಕ್ರಿಯೆಗೆ ಅವರ ಶಾಲೆಯ ಹಳೆಯ ಮಕ್ಕಳು ನೂರಾರು ಜನ ಬಂದಿದ್ದರು. ಅಲ್ಲಿ ಯಾರೋ ಒಬ್ಬರು ನನ್ನನ್ನು, “ನಿಮಗ ಅಕ್ಕೋರ ಹೆಂಗ ಗುರತು?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, “ಯೋಗಾ ಕ್ಲಾಸಿನ್ಯಾಗ” ಎಂದರು. ನಾನು ತಲೆಯಾಡಿಸಿದೆ.

ಮುಂದಿನ ತಿಂಗಳು ಮನೆಯವರ ಸಭೆಯ ದಿನ, ಕುರ್ಚಿಗಳನ್ನು ವೃತ್ತಾಕಾರವಾಗಿ ಇಡಲು ನಾನು ತಾಈಗೆ ನೆರವಾಗುತ್ತಿದ್ದೆ. ಬಾಗಿಲಲ್ಲಿ ಯಜಮಾನರು ನಿಂತಿದ್ದರು. ತುಂಬುತೋಳಿನ ಬಿಳಿ ಅಂಗಿ, ಕಂಕುಳಲ್ಲಿ ಹೆಲ್ಮೆಟ್. ಒಳಗೆ ಬರಬಹುದೇ ಎಂದು ಕೇಳಲೂ ಆಗದವರಂತೆ ಹೊಸ್ತಿಲ ಹೊರಗೇ ಇದ್ದರು. ಹತ್ತಿರ ಹೋದೆ.

“ಕೆಳಗ ನಮ್ಮ ಬ್ಯಾಂಕಿನವ ಒಬ್ಬ ಭೇಟಿ ಆದ” ಎಂದರು. “ಎಲ್ಲಿಗೆ ಹೊಂಟೀರಿ ಅಂದ. ಕನ್ನಡಕದ ಅಂಗಡಿಗೆ ಅಂದೆ.” ಮುಖ ಕೆಂಪಾಗಿತ್ತು. “ಇವತ್ತೂ ಸುಳ್ಳ ಹೇಳೇ ಬಂದೀನಿ.”

“ಬಂದ್ರಲ್ಲ ಸರ್” ಎಂದೆ.

ತಾಈ ಅವರನ್ನು ಕೂರಿಸಿದರು. ಹೊಸಬರು ಮೊದಲ ದಿನ ಮಾತಾಡಲೇಬೇಕೆಂದಿಲ್ಲ ಎಂದೂ ಹೇಳಿದರು. ಸುತ್ತು ತಿರುಗಿ ಅವರವರೆಗೆ ಬಂತು. ನಿಮ್ಮ ಮನೆಯಲ್ಲಿ ಯಾರು ಚಿಕಿತ್ಸೆಯಲ್ಲಿದ್ದಾರೆ ಎಂದು, ವಿಷಯ ಗೊತ್ತಿಲ್ಲದ ಒಬ್ಬ ತಾಯಿ ಕೇಳಿದಳು.

“ಈಗ ಯಾರೂ ಇಲ್ಲ” ಎಂದು ಮರಾಠಿಯಲ್ಲಿ ಹೇಳಿದರು. ಹೆಲ್ಮೆಟನ್ನು ನೆಲದ ಮೇಲಿಟ್ಟು, ಎಲ್ಲರೂ ಕೂತೇ ಮಾತಾಡುವ ಆ ಗುಂಪಿನಲ್ಲಿ ಅವರೊಬ್ಬರು ಎದ್ದು ನಿಂತರು. ಬಾಗಿಲು ತೆರೆದೇ ಇತ್ತು. ಮೆಟ್ಟಿಲಲ್ಲಿ ಜನ ಹತ್ತುತ್ತ ಇಳಿಯುತ್ತ ಇದ್ದರು. ಮುಚ್ಚಲೇ ಎಂದು ನಾನು ಸನ್ನೆ ಮಾಡಿದೆ. ಅವರು ಬೇಡ ಎಂದು ತಲೆಯಾಡಿಸಿದರು.

“ನಮ್ಮ ಮನೆಯಾಕೆ ಒಮ್ಮೆಯೂ ಅಂಗಡಿಗೆ ಹೋದವಳಲ್ಲ” ಎಂದು ಶುರು ಮಾಡಿದರು. “ತರುತ್ತಿದ್ದವನು ನಾನು.”